ಒಳಮಗ್ಗುಲು

ನಾಲ್ಕನೇ ಇಯತ್ತೆಯ ಶಿವಲೀಲಾಗೆ
ದ ಮತ್ತು ಧ ಒಂದೇ.
ಹೊಟ್ಟೆಯ ಕೆಳಗಿನ ಆ ಸಣ್ಣ ಸೀಳು
ಅವಳ ಕಣ್ಣಿಗೆ ನಿಲ್ಲುವುದಿಲ್ಲ.
ಬಲಕ್ಕಿರಬೇಕಾದ ಕೊಂಬು ಎಡಕ್ಕೆ ಹೊರಳುತ್ತದೆ,
ಉಕ್ತಲೇಖನದ ದಿನ ಹೊಟ್ಟೆನೋವು ಬರುತ್ತದೆ.
ಮೂರು ವರ್ಷದಿಂದ ಅವಳ ವಹಿಯಲ್ಲಿ
ನನ್ನ ಕೆಂಪು ಪೆನ್ನು ನಡೆದದ್ದೇ ದಾರಿ.
ಪ್ರಗತಿಪತ್ರದಲ್ಲಿ ಬರೆದೆ: ‘ಮಂದ. ಗಮನ ಸಾಲದು.’
ಬರೆಯಲು ಹಿಡಿದದ್ದು ಅರ್ಧ ನಿಮಿಷ.

ಸಹಿ ಹಾಕಲು ಯಾರೂ ಬರಲಿಲ್ಲ.
ಶನಿವಾರ ನಾನೇ ಹೋದೆ,
ಕೊಥ್ರೂಡಿನ ನಮ್ಮ ಓಣಿಯಿಂದ ಎರಡೇ ಗಲ್ಲಿ ಆಚೆ:
ಗುಲ್‌ಮೊಹರಿನ ಬುಡಕ್ಕೆ ಆನಿಸಿದ ತಗಡಿನ ಕಪಾಟು,
ಕಂಬಳಿ ಹೊದ್ದ ಮೇಜು,
ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ.
ಅಪ್ಪ ಭೀಮಶಾ, ಜೇವರ್ಗಿ ಕಡೆಯವರು,
ಕೈ ನಿಲ್ಲಿಸದೆ ನಕ್ಕರು: ‘ಕೂಡ್ರಿ ಬಾಯಾರ.’
ಕೂರಲು ಏನೂ ಇರಲಿಲ್ಲ.

ಅವಳು ಕೆಳಗೆ, ಬಟ್ಟೆಯ ರಾಶಿಯಲ್ಲಿ
ಸೊಂಟದವರೆಗೆ ಮುಳುಗಿ.
ತೊಂಬತ್ತಾರು ಮನೆ. ಪಟ್ಟಿಯಿಲ್ಲ, ಚೀಟಿಯಿಲ್ಲ.
ನನಗೆ ಬಿಳಿಯ ಅಂಗಿಗಳೆಲ್ಲ ಒಂದೇ ಅಂಗಿ
(ದ ಮತ್ತು ಧದ ಹಾಗೆ, ಎಂದು ಹೊಳೆದದ್ದು ಆಮೇಲೆ).
ಅವಳು ಒಂದೊಂದನ್ನೆತ್ತಿ, ತೋಳು ಸವರಿ,
‘ಇದು ಪರಾಂಜಪೆ ಅಜ್ಜಾಂದು, ಕಿಸೆದಾಗ ತಪಕೀರ.
ಇದು ಮ್ಯಾಲಿನ ಮಾಳಗಿ ಬ್ಯಾಂಕಿನವ್ರದು,
ದೀಪಾವಳಿ ಆದಾಗಿಂದ ಹೊಟ್ಟಿ ಗುಂಡಿ ಬಿಗಿ ಆಗ್ಯಾದ.
ಇದು... ತಡೀರಿ... ಇದು ನಮ್ದಲ್ಲ,
ಬ್ಯಾರೆ ಮನಿ ಸಾಬೂನು. ಯಾರೋ ತಪ್ಪಿ ಹಾಕ್ಯಾರ.’

‘ಈಕಿ ರಾಶಿ ಹಿಡದ ಮ್ಯಾಲೆ
ಒಂದ್ ಅಂಗಿ ಮನಿ ತಪ್ಪಿಲ್ರಿ’ ಅಂದರು ಭೀಮಶಾ,
ಒಂದನ್ನು ತಿರುವಿ ಹಾಕುತ್ತ.
‘ಮೊದಲ ಒಳಮಗ್ಗುಲು ಒತ್ತಬೇಕ್ರಿ,
ಇಲ್ಲಾಂದ್ರ ಬಣ್ಣ ಸುಟ್ಟು ಮಿರುಗ್ತದ.’

ಆ ಒಳಮಗ್ಗುಲಲ್ಲಿ ಕಂಡದ್ದು ಕೆಂಪು ನೂಲು.
ಪರಾಂಜಪೆಯವರಿಗೆ ಬಾಗಿದ ಒಂದು ಕೋಲು.
ಅವಳಿಜವಳಿ ಮನೆಗೆ ಎರಡು ಚುಕ್ಕಿ, ಒಂದಕ್ಕೆ ಬಾಲ.
ಹೋದ ವರ್ಷ ಗಂಡ ತೀರಿಕೊಂಡ ವೈದ್ಯ ಬಾಯಿಗೆ
ಒಂದು ವೃತ್ತ, ಮುಚ್ಚದೆ ಬಿಟ್ಟದ್ದು.
‘ಯಾರು ಕಲಿಸಿದರು?’
‘ಯಾರಿಲ್ರಿ.’
ಹೊಸದಾಗಿ ಸಾಲೆಗೆ ಸೇರಿದವಳಂತೆ ನಾನು
ತಡವರಿಸಿ, ಕೂಡಿಸಿ ಕೂಡಿಸಿ ಓದಿದೆ.

ನಮ್ಮ ಮನೆಯ ಗಂಟೂ ಇಲ್ಲಿಗೇ ಬರುತ್ತದಂತೆ.
ಕೊಡುವವನು ವಾಚ್‌ಮನ್, ತರುವವನು ವಾಚ್‌ಮನ್,
ನನಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು:
ಬಲತೋಳಿನ ಮಡಿಕೆಯಲ್ಲಿ ಸೀಮೆಸುಣ್ಣ.
‘ನನ್ನ ಗುರುತು ಯಾವುದು?’
ರವಿಕೆಯ ಕೊರಳು ಹೊರಳಿಸಿ ಹಿಡಿದಳು.
ಅಡ್ಡಕ್ಕೆ ಅಡ್ಡ, ಎರಡೇ ಹೊಲಿಗೆ,
ಕೆಂಪು ಇಂಟು.
ಅಪ್ಪನ ಕೈ ಮೊದಲ ಸಲ ನಿಂತಿತು.
ಅವಳ ಮುಖದಲ್ಲಿ ಕೊಂಕಿರಲಿಲ್ಲ, ಹೆದರಿಕೆಯೂ:
‘ನಿಮ್ಮ ಗುರುತು ಇದ ಅಲ್ಲೇನ್ರಿ?’

ಪ್ರಗತಿಪತ್ರ ಚೀಲದಲ್ಲೇ ಮನೆಗೆ ಬಂತು.

ಸೋಮವಾರ ಮತ್ತೆ ಉಕ್ತಲೇಖನ.
ಅವಳ ಹಾಳೆಯನ್ನು ತಿರುವಿ
ಕಿಟಕಿಯ ಬೆಳಕಿಗೆ ಹಿಡಿದೆ, ಒಳಮಗ್ಗುಲಿನಿಂದ.
ಕೊಂಬೆಲ್ಲ ಬಲಕ್ಕೇ ಇದ್ದವು.
ಧ ಮಾತ್ರ ಇನ್ನೂ ದ.
ಹಲಗೆಯ ಮೇಲೆ ದೊಡ್ಡದಾಗಿ ಬರೆದು
ಸೀಳು ಎಲ್ಲಿದೆ ತೋರಿಸಿದೆ.
ಬಹಳ ಹೊತ್ತು ನೋಡಿದಳು, ಬಟ್ಟೆ ನೋಡುವ ಹಾಗೆ.
‘ಅಂದ್ರ ಇದು ಹರದ ದ ಏನ್ರಿ?’
ಹೌದು ಮಗಾ, ಹರಿದ ದ.
ಇಪ್ಪತ್ತೆರಡು ವರ್ಷ ಕಲಿಸಿದ್ದೇನೆ,
ಇಷ್ಟು ಸುಲಭವೆಂದು ತಿಳಿದಿರಲಿಲ್ಲ.

ಠ ಬರುವುದು ಇನ್ನೂ ಬಾಕಿ ಇದೆ. ಸಹಸ್ರ ಬಾಕಿ ಇದೆ.
ರವಿಕೆಯ ಆ ನೂಲನ್ನು ಬಿಚ್ಚಿಲ್ಲ.
ಬೆವೆತ ದಿನ ಕುತ್ತಿಗೆಯ ಹತ್ತಿರ
ಸ್ವಲ್ಪ ಚುಚ್ಚುತ್ತದೆ.