ಹತ್ತನೇ ದಿನದ ನೀರು

ಮೊದಲ ಗಾಳಿ ಬರತೈತಿ.
ನಳ ಮುದುಕರಂಗ ಎರಡು ಸಲ ಕೆಮ್ಮಿ
ಗಂಟಲ ಸರಿ ಮಾಡಿಕೊಂಡು
ಮತ್ತ ಸುಮ್ಮನಾಗತೈತಿ.
ಆ ಕೆಮ್ಮಿಗೆ ನನಗ ಎಚ್ಚರ.
ರಾತ್ರಿ ಎರಡೂವರಿ, ಬೆಟಗೇರಿ ಓಣ್ಯಾಗ
ನಾಯಿ ಸುದ್ದಾ ಮಲಗಿರೋ ಹೊತ್ತು.

ಇವರಿಗೆ ಕೇಳೂದಿಲ್ಲ.
ಇಪ್ಪತ್ತೆರಡು ವರ್ಷ ಮಗ್ಗದ ಸದ್ದು
ಇವರ ಕಿವ್ಯಾಗಿಂದ ಒಂದೊಂದ ಎಳಿ ಜಗ್ಗಿಕೊಂಡು
ಯಾರದೋ ಸೀರಿಗೆ ನೇಯ್ದು ಕಳಿಸೈತಿ.
ಅದಕ್ಕ, ಎಂಟನೇ ದಿನ ದಾಟಿದ ಮ್ಯಾಲ,
ನನ್ನ ಮುಂಗೈಗೆ ಬೆರಳು ಸುತ್ತಿಕೊಂಡು ಮಲಗತಾರ,
ನೀ ಎದ್ದರ ನಾ ಎದ್ದಂಗ, ಅಂತ.
ಮದುವ್ಯಾದ ಹೊಸದಾಗ
ಇದನ್ನ ಪ್ರೀತಿ ಅಂತ ತಿಳಕೊಂಡಿದ್ದೆ.
ಆಮ್ಯಾಲ ನೀರಿನ ಸಲುವಾಗಿ ಅಂತ ಗೊತ್ತಾತು.
ಈಗ ಎರಡರ ನಡುವಿನ ಗೆರಿ
ಹುಡುಕೂದ ಬಿಟ್ಟೀನಿ.

ಏಳ್ರಿ ಅನ್ನೂದು ಬ್ಯಾಡ. ಬೆರಳು ಬಿಡಿಸಿದರ ಸಾಕು.

ಹಂಡೆ, ಬ್ಯಾರಲ್, ಹನ್ನೆರಡು ಕೊಡ,
ಹಿಡಿಕಿ ಮುರಿದ ಕುಕ್ಕರು,
ತವರಿಂದ ಬಂದು ಒಮ್ಮೆಯೂ ಪಾಯಸ ಕಾಣದ
ದೊಡ್ಡ ಪಾಯಸದ ಡಬರಿ.
ಅತ್ತಿ ಕಟ್ಟಿ ಮ್ಯಾಲ ಬ್ಯಾಟರಿ ಹಿಡಕೊಂಡು ಕುಂತು
ಕೊಡ ಎಣಿಸತಾರ.
ಹನ್ನೊಂದಾದ ಮ್ಯಾಲ ತಿರುಗಿ ಒಂಬತ್ತಕ್ಕ ಬರತಾರ.
ಅತ್ತಿ ಲೆಕ್ಕದಾಗ ನಮ್ಮ ಮನಿಗೆ
ಯಾವಾಗಲೂ ಎರಡು ಕೊಡ ಲಾಭ.

ಎರಡು ದಿನದಿಂದ ನಾವಿಬ್ಬರೂ ಮಾತು ಬಿಟ್ಟಿದ್ವಿ.
ನನ್ನ ತಂಗಿ ಮಗನ ಜವಳಕ್ಕ
ಬೆಳ್ಳಿ ಉಡದಾರ ಒಯ್ಯೂದೋ, ಬರೇ ಅಂಗಿ ಒಯ್ಯೂದೋ.
ಅಂಗಿ ಸಾಕು ಅಂದಿದ್ದು ಇವರು.
ಸರಿ ಅಂದಿದ್ದರೂ ಮುಗೀತಿತ್ತು, ನಾ ಅನ್ನಲಿಲ್ಲ.
ಆದರ ಪೈಪು ಹಿಡಿದವರಿಗೂ ಕೊಡ ಹಿಡಿದವರಿಗೂ
ಮೌನ ನಡಿಯೂದಿಲ್ಲ.
ಹಿಡಿ. ಬಿಡು. ತುಂಬಿತು ನೋಡ.
ಅದೂ ಇವರ ಕಿವಿಗೆ ಮುಟ್ಟೂವಂಗ
ಓಣಿ ತುಂಬ ಕೇಳೂವಂಗ ಒದರಬೇಕು.
ಗ್ವಾಡಿ ಆಚಿಂದ ಮೆಹರುನ್ನಿಸಾ ಅಕ್ಕ ನಗತಾಳ:
"ರಾಜಿ ಆತೇನವಾ? ಆಗಿದ್ದರ ಪೈಪು ಈಚಿ ಕಡೆ ಒಗಿ."
ಅವರ ನಳಕ್ಕ ಜೋರಿಲ್ಲ.
ಹತ್ತು ನಿಮಿಷ ನಮ್ಮ ನೀರು
ಗ್ವಾಡಿ ಹತ್ತಿ ಅವರ ಮನಿಗೆ ಇಳೀತೈತಿ.

ಇಂಚರಾ ಎದ್ದು ಬಂದ್ಲು, ಕಣ್ಣು ತಿಕ್ಕೋತ,
ತನ್ನ ಸಾಲಿ ಬಾಟ್ಲಿ ತಗೊಂಡು ಪಾಳಿ ಹಚ್ಚಿದ್ಲು
ದೊಡ್ಡ ಕೊಡಗಳ ಹಿಂದ, ಭಾಳ ಶಿಸ್ತಿನಿಂದ.
ತೋಂಟೇಶ ಏಳಲಿಲ್ಲ.
ಚಾಪಿ ಅಂಚಿಗೆ ನೀರು ಹರಿದು ಕಾಲು ತೋಯ್ದಾಗ
ಕಣ್ಣು ಮುಚ್ಚಿಕೊಂಡ ಕೇಳಿದ, "ಅವ್ವಾ, ಬಂತನ?"
ಏನು ಕೇಳಿದನೋ,
ನೀರೋ, ಕನಸಿನ್ಯಾಗಿನ ರೈಲೋ.
ಬಂತಪಾ, ಅಂದೆ.
ಅವ ಮಗ್ಗಲಾದ.
ನಾ ಮಾತ್ರ ಕೊಡ ಹಿಡಕೊಂಡು ಅಲ್ಲೇ ನಿಂತೆ,
ಬಂತು, ಎಲ್ಲಾ ಬಂತು ಅಂತ ನನಗ ನಾನ ಹೇಳಿಕೊಂಡು,
ಕೊಡ ತುಂಬಿ ಹೊರಚೆಲ್ಲಿ
ಅತ್ತಿ ಬೈಯೂತನಕ.

ಉಪಕಾರ ಹೇಳೂದು ನಮ್ಮ ಮನ್ಯಾಗ ರೂಢಿ ಇಲ್ಲ.
ಸಾಲಿ ಗ್ಯಾದರಿಂಗಿನ್ಯಾಗ ವಂದನಾರ್ಪಣೆ ಅಂದರ
ಮಂದಿ ಚಪ್ಪಲಿ ಹುಡುಕೂ ಹೊತ್ತು.
ಯಾರಿಗೆ ಹೇಳಲಿ ನಾನರ?
ನಗರಸಭೆಗಾ? ದೇವರಿಗಾ?
ಉಳಿದ ಒಂದ ರೊಟ್ಟಿ ತನಗ ಹಸಿವಿಲ್ಲ ಅಂತ
ನನ್ನ ಗಂಗಾಳಕ್ಕ ಸರಿಸೂ ಅತ್ತಿಗಾ?
ಹೇಳಿದರ "ಜ್ವರ ಬಂದಾವೇನು?" ಅಂತಾರ,
ಹಣಿ ಮುಟ್ಟಿ ನೋಡತಾರ.

ನಾಕಕ್ಕ ನಳ ನಿಂತಿತು.
ಗುಡಿಸಲು ಇನ್ನೂ ನೆಲ, ಹಿಂಡಲು ಲುಂಗಿ,
ಅಕ್ಕಿ ತೊಳೆದ ನೀರಿಗೆ ಕಾಯೋ ಕರಿಬೇವಿನ ಗಿಡ.
ಇವರು ಮಗ್ಗಕ್ಕ ಹೋಗಾಕ ಇನ್ನೂ ಎರಡು ತಾಸು.
ಅಡ್ಡಾದರು. "ಉಡದಾರನ ಒಯ್ಯೋಣು" ಅಂದರು,
ತೊಲಿ ಕಡೆ ನೋಡಿಕೋತ, ಜೋರಾಗಿ.
ಆಮ್ಯಾಲ
ಇನ್ನ ಹತ್ತು ದಿನ ನೀರಿಲ್ಲ ಅಂತ ಗೊತ್ತಿದ್ದೂ
ನನ್ನ ಮುಂಗೈಗೆ ಬೆರಳು ಸುತ್ತಿದರು.
ತಣ್ಣಗ ಇದ್ದುವು, ತುದಿ ನೆನೆದು ಸುಕ್ಕಾಗಿ.

ಚಾಕ್ಕ ಇಡಬೇಕಿತ್ತು ನಾ.
ಏಳಲಿಲ್ಲ.
ಎದ್ದರ ಇವರಿಗೆ ಎಚ್ಚರಾಗತೈತಿ.