ಲಾಲಬಾಗಿನ ಶಾಂಘೈ

ಎಡಗಡೆ ನೋಡಿ, ರಾಜಾಬಾಯಿ ಗೋಪುರ.
ಬಲಗಡೆ ಮೈದಾನ, ಯಾರೋ ಈಗಷ್ಟೇ ಔಟಾದರು.
ದಿನಕ್ಕೆ ಎರಡು ಸಲ ಇದೇ ಮಾತು,
ಹಿಂದಿಯಲ್ಲಿ, ಮರಾಠಿಯಲ್ಲಿ, ಮುರುಕು ಇಂಗ್ಲಿಷಿನಲ್ಲಿ;
ಕನ್ನಡ ಮಾತ್ರ ಮೈಕು ಆರಿಸಿದ ಮೇಲೆ,
ನನಗೂ ಡ್ರೈವರ್ ಮಲ್ಕಪ್ಪನಿಗೂ ನಡುವೆ.

ಮುಂದಿನ ಸೀಟಿನ ಚೀನೀ ಹೆಂಗಸು ಇಂದು ಕೇಳಿದಳು:
ನೀನು ಯಾವತ್ತಾದರೂ ಶಾಂಘೈ ನೋಡಿದ್ದೀಯಾ?
ನೋಡಿದ್ದೇನೆ, ಎಂದೆ.
ಎಂಬತ್ತೊಂದರ ದೀಪಾವಳಿ, ನನಗಾಗ ಆರು ವರ್ಷ,
ಲಾಲಬಾಗಿನಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಮಹಡಿ,
ಸುಹಾಸ ಫೋಟೋ ಸ್ಟುಡಿಯೋ.

ಪರದೆ ಬರೆದವನು ದತ್ತಾರಾಮ ಪೇಡಣೇಕರ.
ಸುಖಲಾಜಿ ಗಲ್ಲಿಯ ಚೀನೀ ದಂತವೈದ್ಯನ ಹತ್ತಿರ
ದವಡೆ ಹಲ್ಲು ಕೀಳಿಸಿಕೊಂಡು
ಬಾಯಿ ತುಂಬ ಹತ್ತಿ, ಕಂಕುಳಲ್ಲಿ
ಪುಕ್ಕಟೆ ಸಿಕ್ಕ ಹಳೇ ಕ್ಯಾಲೆಂಡರು.
ಹನ್ನೆರಡು ತಿಂಗಳನ್ನೂ ಒಂದೇ ಬಟ್ಟೆಗೆ ಇಳಿಸಿದ:
ಜನವರಿಯ ನದಿ, ಮಾರ್ಚಿನ ಗಡಿಯಾರದ ಕಟ್ಟಡ,
ಜೂನಿನ ತೋಟ, ಅಲ್ಲೊಂದು ಕೊಳ, ಕೊಳದ ಮೇಲೆ
ಹಾವು ಹರಿದಂತೆ ಸೇತುವೆ.
ನದಿಗೆ ನೀಲಿ ಸಾಲದೆ
ಬಾಗಿಲಿಗೆ ಬಳಿದು ಉಳಿದ ಹಸಿರು ಬೆರೆಸಿದ.
ಆಕಾಶ ಬೋಳಾಯಿತೆಂದು ಎರಡು ಕಾಗೆ.
ಅವು ನಮ್ಮ ಚಾಳಿನವೇ, ನನಗೆ ಗುರುತು.

ತಾಜಮಹಲಿಗೆ ಆರು ರೂಪಾಯಿ, ಶಾಂಘೈಗೆ ಎಂಟು.
ಮಗ್ಗದ ಖಾತೆಯವರು, ನೂಲಿನ ಖಾತೆಯವರು
ಕೂದಲಿಗಂಟಿದ ಹತ್ತಿಯನ್ನು ಒದ್ದೆ ಬಾಚಣಿಗೆಯಲ್ಲಿ ತೆಗೆದು
ಪರದೇಶಕ್ಕೆ ಹೋಗಿ, ಕಣ್ಣು ಮಿಟುಕಿಸದೆ ನಿಂತು,
ಮುಂದಿನವರಿಗೆ ಜಾಗ ಬಿಡುತ್ತಿದ್ದರು.
ಸೇಡಮ್ಮಿಗೆ, ಅಫಜಲಪುರಕ್ಕೆ ಫೋಟೋ ಹೋದರೆ
ಅಲ್ಲಿ ಮುದುಕಿಯರು
ಮುಂಬಯಿ ಅಂದರೆ ಇದೇ ಅಂದುಕೊಂಡರು.

ನಮ್ಮ ಸರದಿಗೆ ಅಪ್ಪ ಇರಲಿಲ್ಲ.
ಬದಲಿ ಕೆಲಸ; ಗೇಟಿನಲ್ಲಿ ಹೆಸರು ಕೂಗಿದರೆ ಒಳಗೆ.
ಅವತ್ತು ಕೂಗಿದ್ದರು.
“ನಾಲ್ಕು ಮಂದಿ ಬರೋದಿತ್ರೀ” ಎಂದಳು ಅವ್ವ,
ಮುಷ್ಟಿಯಲ್ಲಿ ನೋಟು ಬೆವರಿತ್ತು.
ಪೇಡಣೇಕರ ಸಣ್ಣ ಕುಂಚ ಎತ್ತಿಕೊಂಡ.
ಅಪ್ಪನ ಅಂಗಿ ಯಾವ ಬಣ್ಣ ಎಂದು ನನ್ನನ್ನೇ ಕೇಳಿದ.
ಖಾಕಿ ಅಂದೆ. ಕೈಯಲ್ಲಿ ಡಬ್ಬಿ ಇರುತ್ತದೆ ಅಂದೆ.
ಫೋಟೋ ಕಪ್ಪು ಬಿಳುಪಿನದು,
ಬಣ್ಣ ಯಾಕೆ ಕೇಳಿದನೋ.
ಸೇತುವೆಯ ಏಳನೆಯ ತಿರುವಿನಲ್ಲಿ
ಹೆಬ್ಬೆರಳಷ್ಟು ಅಪ್ಪ ನಿಂತ.
ಅಲ್ಲಿಗೆ ಬಟ್ಟೆ ಮುಗಿದಿತ್ತು, ಆಚೆ ಬರೀ ಗೋಡೆ.
ಒರಗಬೇಡಿ, ಹಸಿ ಇದೆ, ಎಂದ.
ತಮ್ಮ ಒರಗಿದ.
ಅವನ ಮೊಳಕೈಯಲ್ಲಿ ಎಂಟು ದಿನ
ಅಪ್ಪನ ಅಂಗಿಯ ಒಂದು ಚೂರು ಇತ್ತು.

ಮರುವರ್ಷ ಮುಷ್ಕರ. ಗೇಟಿಗೆ ಬಿದ್ದ ಬೀಗ.
ಹೆಸರು ಕೂಗುವವನಿಗೂ ಹೆಸರಿಲ್ಲದಾಯಿತು.
ಈಗ ಆ ಚಿಮಣಿಯ ಜಾಗದಲ್ಲಿ
ನಲವತ್ತೆಂಟು ಅಂತಸ್ತಿನ ಗಾಜು.
ಮುಂಬಯಿಯನ್ನು ಶಾಂಘೈ ಮಾಡುತ್ತೇವೆ ಎಂದು ಭಾಷಣವಾದಾಗ
ಚಾಳಿನಲ್ಲಿ ಅವ್ವ ಒಬ್ಬಳೇ ನಕ್ಕದ್ದು:
“ಎಂಟು ರೂಪಾಯ್ದಾಗ ಆಗಿತ್ತಲ್ಲ!”

ಇಷ್ಟನ್ನೆಲ್ಲ ಮುರುಕು ಇಂಗ್ಲಿಷಿನಲ್ಲಿ ಹೇಳಲಾದೀತೆ?
ಸೇತುವೆ ಎಂದೆ, ಬೆರಳಲ್ಲಿ ಗಾಳಿ ಕೊರೆದು ತೋರಿಸಿದೆ.
ಅವಳು ಥಟ್ಟನೆ ಮೊಬೈಲು ತೆರೆದಳು.
ಅದೇ ಕೊಳ, ಅದೇ ವಂಕಿ, ಜನವೋ ಜನ.
ದೆವ್ವ ನೆಟ್ಟಗೆ ಮಾತ್ರ ನಡೆಯುತ್ತದಂತೆ,
ತಿರುಗಲು ಬಾರದಂತೆ, ಅದಕ್ಕೇ ಈ ತಿರುವು.
ಮಲ್ಕಪ್ಪ ಹಾರ್ನ್ ಒತ್ತಿದ:
“ಹಂಗಾದ್ರ ಈ ಊರಾಗ ಫ್ಲೈಓವರು ಭಾಳ ಆದ್ವು ಬಿಡ್ರಿ.”

ನಾನು ಎಣಿಸುತ್ತಿದ್ದೆ. ಏಳು. ಎಂಟು.
ಒಂಬತ್ತು.
ಆಚೆ ಏನಿದೆ?
ಚಹಾದ ಮನೆ, ಎಂದಳು. ಬಹಳ ಹಳೆಯದು.

ಎರಡೇ ತಿರುವು, ಅಪ್ಪಾ.
ಅಲ್ಲಿ ಒಂದು ಕಪ್ಪಿಗೆ ಎಷ್ಟು ಎಂದು ಕೇಳಿದೆ.
ಅವಳು ಹೇಳಿದ ದುಡ್ಡಿಗೆ ನಮ್ಮ ಕಡೆ ವಾರದ ಸಂತೆ ಆಗುತ್ತದೆ.
ಅವನೋ, ಒಂದೇ ಕಟಿಂಗಿನಲ್ಲಿ
ಇಬ್ಬರಿಗೆ ಹೇಳುವವನು.