ಕೌದಿಯ ಹೊಟ್ಟೆ

ಮಸ್ಕತ್ತಿನ ಗಾಜಿನ ಗೂಡಿನೊಳಗಿನ ಹುಡುಗ
ಮೂರು ಸಲ ತಿರುಗಿಸಿದ ನನ್ನ ಪಾಸ್‌ಪೋರ್ಟು.
ಹೆಸರು ಪಿಯೇದಾದ್, ತಾಲೂಕು ಯಲ್ಲಾಪುರ,
ದೇಶ ಇಂಡಿಯಾ. ಮುಖ?
ಮುಖಕ್ಕೆ ಅವನ ಪಟ್ಟಿಯಲ್ಲಿ ಜಾಗವಿರಲಿಲ್ಲ.
ಸ್ವಾಹಿಲಿಯಲ್ಲೇನೋ ಕೇಳಿದ.
ನಾನು ಕನ್ನಡದಲ್ಲಿ ನಕ್ಕೆ.

ಇಲ್ಲಿ ಸೂರಿನಲ್ಲಿ, ಹಾಯಿಹಡಗು ಕಟ್ಟುವ ಅಂಗಳದ ಹಿಂದೆ ಮನೆ.
ಮುದುಕಿ ಶಮ್ಸಾ, ನನಗಿಂತ ಒಂದು ಪಾವು ಹೆಚ್ಚೇ ಕಪ್ಪು,
"ನಿನ್ನವರು ಯಾವ ದಂಡೆಯವರು?" ಅಂತ ದಿನಾ ಕೇಳುತ್ತಾಳೆ.
ಮರೆತು ಕೇಳುತ್ತಾಳೋ, ಮರೆಯಲೆಂದು ಕೇಳುತ್ತಾಳೋ.

ದಂಡೆ ಇಲ್ಲ ಅಮ್ಮಾ, ಕಾಡು.
ಆನೆ ಬಂದರೆ ತಗಡು ಬಡಿಯುವ ಹನ್ನೊಂದು ಸಿದ್ದಿ ಮನೆ,
ಜೇನು ಇಳಿಸುವ ಅಪ್ಪ, ನೆತ್ತಿ ಸವೆಸಿದ ಸೌದೆ ಹೊರೆ,
ತಿಂಗಳಿಗೊಂದು ಆದಿತ್ಯವಾರ ಜೀಪಿನಲ್ಲಿ ಕುಲುಕುತ್ತ ಬರುವ ಪಾದ್ರಿ.
ಹಳ್ಳ ತುಂಬಿದರೆ ಅವರೂ ಇಲ್ಲ.
ಆಗ ಆಜಿಯೇ ಶಿಲುಬೆಯ ಮುಂದೆ ಕೂತು
ಅರ್ಧ ನಮೋ ಮರಿಯಾ, ಅರ್ಧ ಸತ್ತ ಹಿರಿಯರ ಹೆಸರು,
ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದಳು.
ಯಾರೂ ತಕರಾರು ತೆಗೆದದ್ದಿಲ್ಲ,
ಮರಿಯಮ್ಮನೂ.

ಹಾಗಾಗಿ ಊರಲ್ಲಿ ಇಗರ್ಜಿ ಇಲ್ಲದ್ದು ನನಗೆ ಹೊಸತಲ್ಲ.
ಇರುವುದು ಮಸ್ಕತ್ತಿನಲ್ಲಿ. ಹೋಗಿಬರಲು
ಟ್ಯಾಕ್ಸಿಗೆ ವಾರದ ಸಂಬಳ.
ಶುಕ್ರವಾರ ಮೀನಿನ ಹೊಟ್ಟೆ ಸೀಳುತ್ತ
ಫೋನಿನಲ್ಲಿ ಪೂಜೆ ಕೇಳುತ್ತೇನೆ,
ಪರಮಪ್ರಸಾದದ ಹೊತ್ತಿಗೆ ಸರಿಯಾಗಿ
ಡೇಟಾ ಮುಗಿಯುತ್ತದೆ.

ಒಂದು ಮದುವೆಯಲ್ಲಿ ಉದ್ದನೆಯ ಡೋಲು ಬಡಿದರು.
"ಬಾ, ನಿಮ್ಮದೇ ಕುಣಿತ," ಎಳೆದರು ಹೆಂಗಸರು.
ಸುಳ್ಳು ಯಾಕೆ, ನನ್ನ ಕಾಲಿಗೆ ಗುರುತು ಹತ್ತಲಿಲ್ಲ.
ನಮ್ಮ ದಮಾಮಿಯ ಹೊಡೆತವೇ ಬೇರೆ.
ರಕ್ತ ಎಲ್ಲವನ್ನೂ ನೆನಪಿಟ್ಟಿರುತ್ತದೆ ಅನ್ನುವವರು
ರಕ್ತವನ್ನು ದೂರದಿಂದ ಕಂಡವರು.
ಎರಡು ಸುತ್ತು ತಪ್ಪು ತಪ್ಪು ಕುಣಿದು
ಪಾತ್ರೆ ತೊಳೆಯಲು ಹೋದೆ.

ಈ ವರ್ಷ ಬೂದಿ ಬುಧವಾರಕ್ಕೂ ರಂಜಾನಿನ ಚಂದ್ರನಿಗೂ ಒಂದೇ ವಾರ.
ಲೋಬಾನ ಉರಿದ ಮಣ್ಣಿನ ಕುಡಿಕೆಯಿಂದ
ಚಿಟಿಕೆ ಬೂದಿ ತೆಗೆದು ನಾನೇ ಹಚ್ಚಿಕೊಂಡೆ ಹಣೆಗೆ:
ಮಣ್ಣು ನೀನು, ಮಣ್ಣಿಗೇ ಮರಳುವೆ.
ಶಮ್ಸಾ ಹತ್ತಿರ ಕರೆದಳು. ಕಣ್ಣು ಕಿರಿದು ಮಾಡಿ,
"ಮಸಿ ಹತ್ತಿದೆ ಮಗಳೇ,"
ತಲೆವಸ್ತ್ರದ ತುದಿ ನೀರಿಗೆ ಅದ್ದಿ
ಒರೆಸಿಯೇಬಿಟ್ಟಳು.
ಪಾಪ ಎಷ್ಟು ಹೋಯಿತೋ ಗೊತ್ತಿಲ್ಲ,
ಹಣೆ ತಣ್ಣಗಾಯಿತು.

ರಾತ್ರಿ ಮನೆಮಂದಿ ನಮಾಜಿಗೆ ಹೋದ ಮೇಲೆ
ನೆಲಕ್ಕೆ ಕೌದಿ ಹಾಸುತ್ತೇನೆ.
ಶಮ್ಸಾಳ ಹಳೆಯ ಅಬಾಯದ ಕಪ್ಪು,
ಮೊಮ್ಮಕ್ಕಳ ಶಾಲೆಯ ನೀಲಿ,
ಸಮುದ್ರದಿಂದ ಮರಳದ ಅವಳ ಗಂಡನ
ಮುಂಡಾಸಿನ ಕಸೂತಿ ಅಂಚು (ತಾನಾಗಿ ತಂದುಕೊಟ್ಟದ್ದು,
ಯಾಕೆಂದು ನಾನು ಕೇಳಲಿಲ್ಲ),
ಬರುವಾಗ ನಾನುಟ್ಟಿದ್ದ ಸೀರೆಯಲ್ಲಿ ಅರ್ಧ.
ಅಂಚಿನಿಂದ ಹೊರಟು ಸುತ್ತುತ್ತ ಸುತ್ತುತ್ತ
ನಡುವಿಗೆ ಬರುತ್ತದೆ ನಮ್ಮ ಹೊಲಿಗೆ.
ಮೂಲೆಗೆ ಮಡಿಸಿದ ಬಟ್ಟೆಯ ಹೂವು ಬೇಕೇ ಬೇಕು,
ಹೂವಿಲ್ಲದ ಕೌದಿ ಬತ್ತಲೆ, ಅನ್ನುತ್ತಿದ್ದಳು ಆಜಿ.

ಮಂಡಿನೋವಿಗೆ ಮನೆಯಲ್ಲೇ ಉಳಿದ ಶಮ್ಸಾ
ಜಪಮಣಿ ಎಣಿಸುತ್ತ ನೋಡುತ್ತಾಳೆ.
ನನ್ನ ಜಪಸರ ಕಿಸೆಯಲ್ಲಿ. ಎಣಿಸುವುದು ಹೊಲಿಗೆ,
ಹತ್ತು ನಮೋ ಮರಿಯಾಕ್ಕೆ ಒಂದು ಗೇಣು.

ನಿನ್ನೆ ನಡುವಿನಲ್ಲಿ ಅಂಗೈಯಗಲ ಬಾಯಿ ಉಳಿಯಿತು.
"ಇದನ್ನೇಕೆ ಬಿಟ್ಟೆ?"
ಹೊಟ್ಟೆ ಖಾಲಿ ಬಿಟ್ಟು ಕೌದಿ ಮುಚ್ಚಬಾರದು ಅಮ್ಮಾ,
ನಾಲ್ಕು ಕಾಳು ಅಕ್ಕಿ ಹಾಕಬೇಕು,
ಹೊದ್ದವರು ಹಸಿಯಬಾರದು ಅಂತ.

ಅಕ್ಕಿ ತರಲು ಎದ್ದು ಹೋದೆ.
ಬರುವಷ್ಟರಲ್ಲಿ ಮುದುಕಿ ನೆಲಕ್ಕೆ ಇಳಿದು ಕೂತು
ಒಂದು ಖರ್ಜೂರವನ್ನು ಒಳಗೆ ತಳ್ಳಿ,
ಸೂಜಿಗಾಗಿ ತಡಕಾಡುತ್ತಿದ್ದಾಳೆ.

ಅಯ್ಯೋ, ಇರುವೆ ಬರುತ್ತದೆ ಅಮ್ಮಾ.

"ಬರಲಿ," ಅಂದಳು.
"ಅವೂ ಹಗಲೆಲ್ಲ ಕಾದಿರುತ್ತವೆ."